ಗ್ರಂಥವೇ ಗುರುವಾದ ಬಗೆ

ಬೀದರಿನ ನಾನಕ ಝೀರಾಕ್ಕೆ ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಚಿಲುಮೆಯ ನೀರು ಕುಡಿದು, ಲಂಗರಿನಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಬಂದಿರುತ್ತಾರೆ. ಒಳಗಿನ ಸಭಾಂಗಣದಲ್ಲಿ ನಡೆಯುವುದನ್ನು ಸ್ವಲ್ಪ ಹೊತ್ತು ಕುಳಿತು ನೋಡಿದವರು ಮಾತ್ರ ಕಡಮೆ. ಅಲ್ಲಿ ವಿಗ್ರಹವಿಲ್ಲ. ಮೇಲ್ಕಟ್ಟಿನ ಕೆಳಗೆ ಮೆತ್ತನೆಯ ದಿಂಬುಗಳ ಮೇಲೆ ಒಂದು ದೊಡ್ಡ ಗ್ರಂಥ. ಅದರ ಹಿಂದೆ ಚಾಮರ ಬೀಸುತ್ತ ಕುಳಿತ ಒಬ್ಬ ಸೇವಕ. ಬೆಳಗಿನಲ್ಲಿ ಗ್ರಂಥವನ್ನು ತೆರೆಯುವುದಕ್ಕೆ ಪ್ರಕಾಶವೆಂದೂ ರಾತ್ರಿ ಮುಚ್ಚಿ ವಿಶ್ರಾಂತಿಗೆ ಇರಿಸುವುದಕ್ಕೆ ಸುಖಾಸನವೆಂದೂ ಹೆಸರು. ನೋಡಿದೊಡನೆ ನಮಗೆ ಒಂದು ಸಂದೇಹ ಏಳುತ್ತದೆ: ಇದೂ ಮೂರ್ತಿಪೂಜೆಯೇ ಅಲ್ಲವೆ? ಕಲ್ಲಿನ ಸ್ಥಾನಕ್ಕೆ ಕಾಗದ ಬಂದಿತೆಂಬುದಷ್ಟೇ ವ್ಯತ್ಯಾಸವಲ್ಲವೆ?

ಈ ಸಂದೇಹಕ್ಕೆ ಉತ್ತರ ಗ್ರಂಥದ ಚರಿತ್ರೆಯಲ್ಲಿಯೇ ಇದೆ.

ಐದನೆಯ ಗುರು ಅರ್ಜನದೇವರು ಈ ಸಂಗ್ರಹವನ್ನು ಸಿದ್ಧಪಡಿಸಿ 1604ರಲ್ಲಿ ಅಮೃತಸರದ ಹರಿಮಂದಿರದಲ್ಲಿ ಸ್ಥಾಪಿಸಿದರು. ಬರೆದುಕೊಂಡವರು ಭಾಯಿ ಗುರುದಾಸರು. ಆ ಹೊತ್ತಿಗೆ ನಾನಕರ ಹೆಸರಿನಲ್ಲಿ ಬೇರೆಯವರು ಕಟ್ಟಿದ ಪದಗಳೂ ಹರಡಿದ್ದುವು. ಹೀಗೆ ಹರಡುವುದಕ್ಕೆ ಆಸ್ಪದವೂ ಇತ್ತು. ನಮ್ಮ ವಚನಕಾರರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿತ. ಇಲ್ಲಿಯಾದರೋ ಪದ ರಚಿಸಿದ ಗುರುಗಳೆಲ್ಲರೂ ‘ನಾನಕ’ ಎಂಬ ಒಂದೇ ಅಂಕಿತದಲ್ಲಿ ಹಾಡಿದ್ದಾರೆ. ಆದುದರಿಂದ ಸಂಪಾದಕರು ಮಹಲಾ 1, ಮಹಲಾ 2 ಎಂದು ತಲೆಬರಹ ಹಾಕಿ ಯಾರ ಪದ ಯಾವುದೆಂದು ಗುರುತಿಸಿದರು. ಪದಗಳ ಕೊನೆಯಲ್ಲಿ ಲೆಕ್ಕದ ಅಂಕಿಗಳನ್ನು ಬರೆದರು. ಹೊಸದೊಂದನ್ನು ನಡುವೆ ಸೇರಿಸಿದರೆ ಲೆಕ್ಕವೇ ತಪ್ಪುತ್ತದೆ. ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಇದು ಎಂಥ ಎಚ್ಚರವೆಂಬುದು ಅರ್ಥವಾದೀತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ದೊಡ್ಡದಾಗಿ ತೋರುತ್ತದೆ. ಈ ಗ್ರಂಥದಲ್ಲಿ ಗುರುಗಳ ಪದಗಳ ಜೊತೆಗೆ ನೇಯ್ಗೆಯ ಕಬೀರ, ಚರ್ಮಗಾರ ರವಿದಾಸ, ಮಹಾರಾಷ್ಟ್ರದ ನಾಮದೇವ, ಸೂಫಿ ಸಂತ ಶೇಖ್ ಫರೀದ ಇವರ ಪದಗಳೂ ಇವೆ. ಗ್ರಂಥದ ಮುಂದೆ ಹಣೆ ನೆಲಕ್ಕೆ ಮುಟ್ಟಿಸುವ ಭಕ್ತನು, ಆತನ ಕುಲ ಯಾವುದೇ ಆಗಿರಲಿ, ಅವರೆಲ್ಲರಿಗೂ ತಲೆಬಾಗಿದಂತಾಯಿತು. ಮುಖ್ಯ ಭಾಗವನ್ನು ಜೋಡಿಸಿರುವುದು ರಾಗಗಳ ಕ್ರಮದಲ್ಲಿ. ಅಂದರೆ ಇದು ಮೊದಲಿನಿಂದಲೂ ಹಾಡಬೇಕಾದ ಗ್ರಂಥ.

ಮಾತಿಗೆ ಇಷ್ಟು ಬೆಲೆಯಿತ್ತೆ ಎನ್ನುವವರಿಗೆ ಸಿಖ್ ಪರಂಪರೆ ಒಂದು ಪ್ರಸಂಗವನ್ನು ಹೇಳುತ್ತದೆ. ಏಳನೆಯ ಗುರು ಹರರಾಯರ ಹಿರಿಯ ಮಗ ರಾಮರಾಯ ಔರಂಗಜೇಬನ ದರ್ಬಾರಿಗೆ ಹೋಗಿದ್ದನು. ನಾನಕರ ಪದವೊಂದರಲ್ಲಿ ಮುಸಲ್ಮಾನರಿಗೆ ನೋವಾಗುವ ಮಾತಿದೆಯೆಂಬ ಆಕ್ಷೇಪ ಬಂದಿತು. ಬಾದಶಹನನ್ನು ಸಮಾಧಾನಪಡಿಸಲು ರಾಮರಾಯ ಒಂದು ಶಬ್ದವನ್ನು ಬದಲಿಸಿ ಓದಿದನು. ಒಂದೇ ಶಬ್ದ! ಸುದ್ದಿ ತಿಳಿದ ತಂದೆ ಮಗನ ಮುಖ ನೋಡಲೊಪ್ಪಲಿಲ್ಲ. ಗುರುಪೀಠ ಕಿರಿಯ ಮಗ, ಇನ್ನೂ ಬಾಲಕನಾಗಿದ್ದ ಹರಕೃಷ್ಣನಿಗೆ ಸಂದಿತು. ರಾಜಾಸ್ಥಾನದಲ್ಲಿ ನಿಂತ ಯುವಕನ ಇಕ್ಕಟ್ಟನ್ನು ನೆನೆದರೆ ನನಗೆ ಅವನ ಮೇಲೆ ಕನಿಕರವೂ ಹುಟ್ಟುತ್ತದೆ. ಆದರೆ ಆ ದಿನವೇ ಒಂದು ವಿಷಯ ಇತ್ಯರ್ಥವಾಯಿತು: ಗುರುವಿನ ರಕ್ತಕ್ಕಿಂತ ಗುರುವಿನ ಮಾತು ಮೇಲು.

ಹತ್ತನೆಯ ಗುರು ಗೋವಿಂದಸಿಂಗರು ಗ್ರಂಥಕ್ಕೆ ತಂದೆ ತೇಗಬಹಾದೂರರ ಪದಗಳನ್ನು ಸೇರಿಸಿದರು. ಸ್ವತಃ ಕವಿಯಾಗಿದ್ದೂ ತಮ್ಮ ಕಾವ್ಯವನ್ನು ಅದರಲ್ಲಿಡಲಿಲ್ಲವೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅವರ ನಾಲ್ವರು ಗಂಡುಮಕ್ಕಳೂ ಅವರು ಬದುಕಿರುವಾಗಲೇ ತೀರಿಹೋಗಿದ್ದರು. 1708ರಲ್ಲಿ ನಾಂದೇಡದಲ್ಲಿ, ಗೋದಾವರಿಯ ತೀರದಲ್ಲಿ, ದೇಹ ಬಿಡುವ ಮುನ್ನ ಇನ್ನು ಮುಂದೆ ಗ್ರಂಥವೇ ಗುರುವೆಂದು ವಿಧಿಸಿದರು. ನಾಮಧಾರಿಗಳು ದೇಹಧಾರಿ ಗುರುಗಳ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲವೆನ್ನುತ್ತಾರೆ; ಉಳಿದ ಸಿಖ್ಖರಿಗೆ ಅದೇ ಕೊನೆಯ ಮಾತು.

ಚಾಮರ, ಮೇಲ್ಕಟ್ಟುಗಳ ಅರ್ಥ ಈಗ ತಿಳಿಯುತ್ತದೆ. ಅವು ದೇವರಿಗೆ ಸಲ್ಲುವ ಉಪಚಾರಗಳಲ್ಲ, ಆಸ್ಥಾನದಲ್ಲಿ ಕುಳಿತ ಗುರುವಿಗೆ ಸಲ್ಲುವ ಮರ್ಯಾದೆಗಳು. ನ್ಯಾಯಾಲಯವೂ ಈ ಭೇದವನ್ನು ಗಮನಿಸಿತು. ಪಂಜಾಬಿನ ಹಳ್ಳಿಯೊಂದರ ಜಮೀನು ಗುರು ಗ್ರಂಥ ಸಾಹಿಬರ ಹೆಸರಿನಲ್ಲಿ ದಾಖಲಾಗಿತ್ತು. ಪುಸ್ತಕದ ಹೆಸರಿಗೆ ಆಸ್ತಿ ಇರಬಹುದೆ? ಇರಲಾರದೆಂದು ಉಚ್ಚ ನ್ಯಾಯಾಲಯ ಹೇಳಿತು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಇದು ವಿಗ್ರಹವಲ್ಲ, ಗುರು. ಆದುದರಿಂದ ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯೆಂದು ತೀರ್ಪಿತ್ತಿತು.

ಗುರುವೆಂದ ಮೇಲೆ ಶಿಷ್ಯನ ಪ್ರಶ್ನೆಗೆ ಉತ್ತರಿಸಬೇಕಷ್ಟೆ. ಗ್ರಂಥ ಬಾಯಿ ತೆರೆದೀತೆ? ಹದಿನೆಂಟನೆಯ ಶತಮಾನದಲ್ಲಿ ಸಿಖ್ಖರ ದಳಗಳು ಗ್ರಂಥದ ಸನ್ನಿಧಿಯಲ್ಲಿ ಸಭೆ ಸೇರಿ ಒಮ್ಮತಕ್ಕೆ ಬರುತ್ತಿದ್ದುವು. ಆ ನಿರ್ಣಯಕ್ಕೆ ಗುರುಮತವೆಂದು ಹೆಸರು. ಅಧಿಕಾರ ಗ್ರಂಥದ್ದು, ಅರ್ಥ ಮಾಡಿಕೊಳ್ಳುವ ಹೊಣೆ ಸಮುದಾಯದ್ದು. ಇದು ಸುಲಭದ ಏರ್ಪಾಡಲ್ಲ. ಸುಮಾರು 48 ಗಂಟೆ ಎಡೆಬಿಡದೆ ನಡೆಯುವ ಅಖಂಡಪಾಠದಲ್ಲಿ ಓದು ಮುಗಿಯುತ್ತದೆ, ಕೇಳಿದವರು ಎಷ್ಟು ಮಂದಿ ಎಂಬ ಕೊರಗು ಸಿಖ್ಖರಲ್ಲಿಯೇ ಉಂಟು. ಹಳೆಯ ಪ್ರತಿಗಳಲ್ಲಿ ನಮ್ಮ ತಾಳೆಗರಿಗಳಲ್ಲಿರುವಂತೆಯೇ ಶಬ್ದಗಳ ನಡುವೆ ಎಡೆಯಿಲ್ಲ. ಎಲ್ಲಿ ಬಿಡಿಸಬೇಕೆಂಬುದರಲ್ಲಿಯೇ ಅರ್ಥನಿರ್ಣಯ ಆರಂಭವಾಗುತ್ತದೆ.

ಆದರೂ ದಿನದಿನವೂ ಗುರುವನ್ನು ಕೇಳುವ ಕ್ರಮ ಒಂದಿದೆ. ಪ್ರಾರ್ಥನೆಯಾದ ಮೇಲೆ 1430 ಪುಟಗಳ ಆ ಗ್ರಂಥವನ್ನು ಆರಿಸದೆ ಎಲ್ಲಿಯೋ ಒಂದು ಕಡೆ ತೆರೆಯುತ್ತಾರೆ. ಎಡಪುಟದ ತಲೆಯಲ್ಲಿರುವ ಪದವೇ ಆ ದಿನದ ಹುಕುಂ, ಎಂದರೆ ಆಜ್ಞೆ. ಪದ ಹಿಂದಿನ ಪುಟದಲ್ಲಿ ಮೊದಲಾಗಿದ್ದರೆ ಹಾಳೆ ತಿರುವಿ ಮೊದಲಿನಿಂದಲೇ ಓದಬೇಕು. ಅನೇಕ ಗುರುದ್ವಾರಗಳಲ್ಲಿ ಅದನ್ನು ಹಲಗೆಯ ಮೇಲೆ ಬರೆದು ಬಾಗಿಲ ಬಳಿ ಇಡುತ್ತಾರೆ. ಕೆಲಸಕ್ಕೆ ಹೊರಟವರು ನಿಂತು ಓದಿಕೊಂಡು ಮುಂದೆ ಹೋಗುತ್ತಾರೆ.