ಮೊಘಲ್ ಚಿತ್ರಗಳ ಮುಂದೆ ರೆಂಬ್ರಾಂಟ್



ಹಿರಿಯರ ಚಿತ್ರಗಳನ್ನು ನೋಡಿ ಬರೆದು ಕೈ ಪಳಗಿಸಿಕೊಳ್ಳುವುದು ಯುರೋಪಿನ ಕಲಾವಿದರ ಹಳೆಯ ರೂಢಿ. ಮೈಕೆಲೇಂಜೆಲೊ ಎಳೆಯ ವಯಸ್ಸಿನಲ್ಲೇ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ, ಒಂದೂವರೆ ಶತಮಾನಕ್ಕೂ ಹಿಂದೆ ಜೊತ್ತೊ ಬರೆದಿದ್ದ ಭಿತ್ತಿಚಿತ್ರದಿಂದ ಎರಡು ಆಕೃತಿಗಳನ್ನು ಶಾಯಿಯಲ್ಲಿ ಇಳಿಸಿಕೊಂಡ. ಆ ಹಾಳೆ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ.

ಹಾಲೆಂಡಿನ ರೆಂಬ್ರಾಂಟ್ ಇಟಲಿಯನ್ನು ಕಂಡವನೇ ಅಲ್ಲ. 1630ರ ದಶಕದಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ವನ್ನು ಅಚ್ಚಿನ ಪ್ರತಿಯಿಂದಲೇ ಕಲಿತ. ಕೆಂಪು ಸೀಮೆಸುಣ್ಣದ ಆ ಚಿತ್ರದಲ್ಲಿ ಮೊದಲು ತೆಳುಗೆರೆಗಳ ವಿಧೇಯ ನಕಲಿದೆ. ಅದರ ಮೇಲೆಯೇ ದಪ್ಪ ಗೆರೆ ಎಳೆದು ತನಗೆ ಬೇಕಾದಂತೆ ತಿದ್ದಿದ್ದಾನೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವನು ಐವತ್ತರ ಆಸುಪಾಸಿನಲ್ಲಿ ಮಾಡಿದ ಕೆಲಸ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ. ಮನೆಯ ಸಾಮಾನುಗಳೆಲ್ಲ ಹರಾಜಿನ ಪಟ್ಟಿ ಸೇರಿದವು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅವನು ನಮ್ಮ ದೇಶದ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್‌ನಲ್ಲಿ ಕೋಠಿಯಿತ್ತು, ಅಲ್ಲಿಯ ಸರಕು ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿತ್ತು. ಜಹಾಂಗೀರ್, ಷಾಜಹಾನ್, ಕುದುರೆ ಸವಾರರು, ಮರದಡಿ ಕುಳಿತ ನಾಲ್ವರು ಮೌಲ್ವಿಗಳು, ಹೀಗೆ ಇಪ್ಪತ್ತಕ್ಕೂ ಹೆಚ್ಚು ಹಾಳೆಗಳು ಉಳಿದಿವೆ. ಷಾಜಹಾನ್ ಆಗಿನ್ನೂ ಬದುಕಿದ್ದ ಎಂಬುದನ್ನು ನೆನೆದರೆ ರೋಮಾಂಚನವಾಗುತ್ತದೆ.

ಆ ಹಾಳೆಗಳನ್ನೇ ನೋಡಿ. ಹಲವಕ್ಕೆ ಬಳಸಿದ್ದು ದುಬಾರಿ ಜಪಾನಿ ಕಾಗದ. ಮೂಲದ ಹೊಳೆಯುವ ಬಣ್ಣಗಳನ್ನು ಬಹುಮಟ್ಟಿಗೆ ಕೈಬಿಟ್ಟು ಕಂದು ಶಾಯಿಯಲ್ಲೇ ಬರೆದಿದ್ದಾನೆ. ಆದರೆ ಪೇಟದ ಸುತ್ತು, ಜಾಮಾದ ನೆರಿಗೆ, ಪಾದರಕ್ಷೆಯ ತುದಿ ಇವುಗಳ ಮೇಲೆ ಲೇಖನಿ ಎಷ್ಟು ತಾಳ್ಮೆಯಿಂದ ಓಡಾಡಿದೆ! ಸಾಮಾನ್ಯವಾಗಿ ಬೀಸುಗೆರೆಯ ರೆಂಬ್ರಾಂಟ್ ಇಲ್ಲಿ ಮೊಘಲ್ ಕಲಾವಿದರ ನಯಕ್ಕೆ ತಲೆಬಾಗಿದ್ದಾನೆ. ತನ್ನದಾಗಿ ಸೇರಿಸಿದ್ದು ಕಾಲಡಿಯ ನೆರಳು, ಸುತ್ತಲಿನ ಗಾಳಿ.

ಕಲಿತದ್ದು ಅಲ್ಲಿಗೇ ನಿಲ್ಲಲಿಲ್ಲ. 1656ರ ಎಚಿಂಗ್ ಒಂದರಲ್ಲಿ ಅಬ್ರಹಾಮನ ಮನೆಗೆ ಬಂದ ದೇವದೂತರು ಆ ಮೌಲ್ವಿಗಳಂತೆಯೇ ನೆಲದ ಮೇಲೆ ಕುಳಿತಿದ್ದಾರೆ. ಬೈಬಲ್ಲಿನ ಪೂರ್ವದೇಶದ ಬದುಕು ಹೇಗಿದ್ದೀತು ಎಂಬ ಅವನ ಹುಡುಕಾಟಕ್ಕೆ ನಮ್ಮವರ ಕುಂಚ ಒದಗಿತು.

1747ರಲ್ಲಿ ಲಂಡನ್ನಿನ ಚಿತ್ರಕಾರ ಜೊನಾಥನ್ ರಿಚರ್ಡ್‌ಸನ್ನನ ಸಂಗ್ರಹ ಮಾರಾಟವಾದಾಗ ಈ ರೇಖಾಚಿತ್ರಗಳ ಪುಸ್ತಕವೂ ಬಿಕರಿಯಾಗಿ, ಹಾಳೆಗಳು ಚದುರಿದವು. ಅತ್ತ ವಿಯೆನ್ನಾದ ಷೋನ್‌ಬ್ರುನ್ ಅರಮನೆಯಲ್ಲಿ ಮೊಘಲ್ ಕಿರುಚಿತ್ರಗಳನ್ನು ಕತ್ತರಿಸಿ ಒಂದು ಕೋಣೆಯ ಗೋಡೆಗೆ ಅಲಂಕಾರವಾಗಿ ಕೂಡಿಸಿದರು. ರೆಂಬ್ರಾಂಟ್ ಬರೆದುಕೊಂಡ ಕೆಲವು ವಿನ್ಯಾಸಗಳು ಅಲ್ಲಿವೆ. 2018ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯ ಅವನ ಈ ಹಾಳೆಗಳನ್ನೂ ಭಾರತದ ಕಿರುಚಿತ್ರಗಳನ್ನೂ ಒಟ್ಟಿಗೆ ಪ್ರದರ್ಶಿಸಿತು. ಗುರುಗಳ ಜಾಗದಲ್ಲಿ ಹಿಂದೂಸ್ತಾನದ ಕಲಾವಿದರಿದ್ದರು.