ಗೆದ್ದಲು ಬೆಳೆದ ಅಣಬೆ

ವಿಡಿಯೋ ಗೇಮಿನಲ್ಲಿ ಅಣಬೆ ಸಿಕ್ಕಿದ ಕೂಡಲೇ ಮಾರಿಯೋ ದೊಡ್ಡವನಾಗಿಬಿಡುತ್ತಾನೆ, ನೋಡಿದ್ದೀರಲ್ಲ? ಆ ಆಟ ಬಂದದ್ದು 1985ರಲ್ಲಿ. ಸಕಲೇಶಪುರದಿಂದ ಶಿರಾಡಿ ಘಾಟಿಯ ಕಡೆ ಹೊರಟರೆ ಸಿಗುವ ದೋಣಿಗಲ್‌ನಂಥ ಊರುಗಳಲ್ಲಿ ಅದಕ್ಕಿಂತ ಸೋಜಿಗದ ಅಣಬೆ ಇದೆ ಮಕ್ಕಳೇ. ಗುಡುಗು ಮಳೆ ಹೊಯ್ದ ಮೇಲೆ ಕಾಫಿ ತೋಟದಲ್ಲಿ, ಕಾಡಂಚಿನಲ್ಲಿ ಏಳುವ ಹುತ್ತದ ಅಣಬೆ ಅದು. ಎಲ್ಲಾದರೂ ಎದ್ದಿದೆ ಅಂತ ಗೊತ್ತಾದರೆ ಅಲ್ಲಿನ ಮನೆಗಳಲ್ಲಿ ಕಡುಬಿಗೆ ಅಣಬೆ ಸಾರೇ!

ಇದನ್ನು ನೆಟ್ಟವರು ಯಾರು? ಗೆದ್ದಲು.

ಒಣಗಿದ ಎಲೆ, ಕಡ್ಡಿ, ಮರದ ಚೂರನ್ನು ಗೆದ್ದಲು ತಿನ್ನುತ್ತದೆ, ಆದರೆ ಅದರಲ್ಲಿನ ಗಟ್ಟಿ ನಾರನ್ನು ತಾನೊಂದೇ ಅರಗಿಸಿಕೊಳ್ಳಲಾರದು. ಹಾಗಾಗಿ ಅರ್ಧ ಅರಗಿದ್ದನ್ನು ಹಿಕ್ಕೆಯಾಗಿ ಹಾಕಿ, ನೆಲದೊಳಗೆ ತೂತುತೂತಾದ ಕಂದು ಗೂಡು ಕಟ್ಟುತ್ತದೆ. ಅದರ ಮೇಲೆ ಶಿಲೀಂಧ್ರ ಹಬ್ಬಿ ನಾರನ್ನು ಮೆತ್ತಗೆ ಮಾಡುತ್ತದೆ, ಸಾಸಿವೆಯಂಥ ಬಿಳಿ ಗುಂಡುಗಳನ್ನು ಬಿಡುತ್ತದೆ. ಗೆದ್ದಲಿಗೆ ಅದೇ ಊಟ. ನಾವು ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಗಿರಬಹುದು. ಗೆದ್ದಲುಗಳ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ!

ಮಳೆ ಬಿದ್ದು ನೆಲ ಮೆತ್ತಗಾದಾಗ ಅದೇ ಶಿಲೀಂಧ್ರ ಮೇಲಕ್ಕೆ ಅಣಬೆ ಕಳಿಸುತ್ತದೆ. ಕೊಡೆಯ ನೆತ್ತಿಯನ್ನು ಹತ್ತಿರದಿಂದ ನೋಡಿ: ನಡುವೆ ಗಟ್ಟಿಯಾದ, ಕಪ್ಪಗಿನ ಮೊನೆ. ಮಣ್ಣನ್ನು ಸೀಳಿ ಬಂದದ್ದು ಅದರಿಂದಲೇ. ಇನ್ನು ಕಾಲು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಬೇರಿನ ಹಾಗೆ ಸಣ್ಣದಾಗುತ್ತಾ ಕೆಳಗಿನ ಗೂಡಿನ ತನಕ ಇಳಿದಿರುತ್ತದೆ. ಇದೇ ಕುಲದ ಒಂದು ಅಣಬೆ ಆಫ್ರಿಕಾದ ಜಾಂಬಿಯಾದಲ್ಲಿದೆ, ಅದರ ಕೊಡೆ 1 ಮೀಟರ್ ಅಗಲಕ್ಕೂ ಬೆಳೆಯುತ್ತದೆ. ಆಟ ಕಟ್ಟಿದವರ ಕಲ್ಪನೆಯೂ ಇದರ ಮುಂದೆ ಸಣ್ಣದೇ ಅನ್ನಿಸುತ್ತದೆ ನನಗೆ.

ಆಟದಲ್ಲಿ ಮಾಡಿದ ಹಾಗೆ ಕಂಡ ಅಣಬೆಗೆಲ್ಲ ಕೈ ಹಾಕಬೇಡಿ. ವಿಷದ ಅಣಬೆಗಳೂ ಇದೇ ಮಳೆಗೆ ಏಳುತ್ತವೆ, ನೋಡಲು ಹೀಗೇ ಇರುತ್ತವೆ. ಎಷ್ಟೋ ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಹುಳ ತಿಂದಿದೆ, ಹಾಗಾಗಿ ನಾವೂ ತಿನ್ನಬಹುದು ಅನ್ನುವ ಮಾತನ್ನೂ ನಂಬಬೇಡಿ. ಚೆನ್ನಾಗಿ ಗುರುತು ಬಲ್ಲ ಹಿರಿಯರು ನೋಡಿ ಹೇಳದೆ ಒಂದನ್ನೂ ಬಾಯಿಗಿಡಬೇಡಿ.

ಕಿತ್ತ ಮೇಲೆ ಆ ಜಾಗವನ್ನು ಅಗೆಯಲೂ ಬೇಡಿ. ಕೆಳಗಿನ ಗೂಡು ಉಳಿದರೆ ಬರುವ ವರ್ಷದ ಮಳೆಗೂ ಅಲ್ಲೇ ಅಣಬೆ ಏಳಬಹುದು.