ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ

(ಗ್ರಂಥಪಾಲಕರ ದಿನದಂದು ಪಟ್ಟಣವೊಂದರ ವಾಚನಾಲಯದಲ್ಲಿ ಮಾಡಿದ ಭಾಷಣದ ಬರಹರೂಪ)



ಡಾ. ಎಸ್. ಆರ್. ರಂಗನಾಥನ್‌ರ ಗೌರವಾರ್ಥ ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ. ಇಂತಹ ದಿನ ಗ್ರಂಥಾಲಯವನ್ನು ಜ್ಞಾನದ ಭಂಡಾರವೆಂದು ಹೊಗಳಿ ಮಾತು ಮುಗಿಸುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಸ್ವಲ್ಪ ಮುರಿಯಲಿದ್ದೇವೆ. ಗ್ರಂಥಾಲಯವೂ ಅನ್ಯಾಯ ಮಾಡಬಲ್ಲದು, ಅದೂ ಸದ್ದಿಲ್ಲದೆ. ಅಮೆರಿಕದ ಕಪ್ಪು ಜನರ ಅನುಭವವೇ ಅದಕ್ಕೆ ಸಾಕ್ಷಿ.

ವರ್ಜೀನಿಯಾ ರಾಜ್ಯದಲ್ಲಿ ಅಲೆಕ್ಸಾಂಡ್ರಿಯಾ ಎಂಬ ನಗರವಿದೆ. ಹೆಸರು ಕೇಳಿದೊಡನೆ ಈಜಿಪ್ಟಿನ ಪ್ರಾಚೀನ ಗ್ರಂಥಾಲಯ ನೆನಪಾಗುತ್ತದೆ. ಆದರೆ ಈ ಅಲೆಕ್ಸಾಂಡ್ರಿಯಾದ ಸಾರ್ವಜನಿಕ ಗ್ರಂಥಾಲಯದೊಳಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅದನ್ನು ನಡೆಸಲು ಅವರು ತೆರುತ್ತಿದ್ದ ತೆರಿಗೆಗೆ ಮಾತ್ರ ಅಂತಹ ಯಾವ ನಿರ್ಬಂಧವೂ ಇರಲಿಲ್ಲ. 1939ರ ಆಗಸ್ಟ್ 21ರಂದು ಐವರು ಕಪ್ಪು ಯುವಕರು ಒಬ್ಬೊಬ್ಬರಾಗಿ ಒಳಹೊಕ್ಕು ಸದಸ್ಯತ್ವ ಚೀಟಿ ಕೇಳಿದರು. ನಿರಾಕರಿಸಿದಾಗ ಜಗಳವಾಡಲಿಲ್ಲ. ಕಪಾಟಿನಿಂದ ಒಂದೊಂದು ಪುಸ್ತಕ ತೆಗೆದುಕೊಂಡು ಬೇರೆ ಬೇರೆ ಮೇಜುಗಳಲ್ಲಿ ಮೌನವಾಗಿ ಓದತೊಡಗಿದರು. ಪೊಲೀಸರು ಬಂದು ಬಂಧಿಸಿದರು. ಆರೋಪವೇನು ಗೊತ್ತೇ? ಅನುಚಿತ ವರ್ತನೆ!

ಈ ಸತ್ಯಾಗ್ರಹವನ್ನು ಯೋಜಿಸಿದವರು ಸ್ಯಾಮ್ಯುಯೆಲ್ ಟಕರ್ ಎಂಬ ಕಪ್ಪು ವಕೀಲರು. ನಗರಾಡಳಿತ ಮಾಡಿದ್ದೇನೆಂದರೆ, ಮರುವರ್ಷ ಕಪ್ಪು ಜನರಿಗೆಂದೇ ಪ್ರತ್ಯೇಕವಾಗಿ ಒಂದು ಚಿಕ್ಕ ಗ್ರಂಥಾಲಯವನ್ನು ಕಟ್ಟಿತು. ಅದರ ಸದಸ್ಯತ್ವವನ್ನು ಟಕರ್ ಸ್ವೀಕರಿಸಲಿಲ್ಲ. ಅವರು ಕೇಳಿದ್ದು ಔದಾರ್ಯವನ್ನಲ್ಲ, ಹಕ್ಕನ್ನು. ಆ ಯುವಕರ ಮೇಲಿನ ಆರೋಪಗಳನ್ನು ನ್ಯಾಯಾಲಯ ವಿಧಿವತ್ತಾಗಿ ಕೈಬಿಟ್ಟದ್ದು 2019ರಲ್ಲಿ, ಎಂಬತ್ತು ವರ್ಷಗಳ ಬಳಿಕ. 1961ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲೂ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಬಿಳಿಯರ ಗ್ರಂಥಾಲಯದಲ್ಲಿ ಕುಳಿತು ಓದಿದ್ದಕ್ಕಾಗಿ ಬಂಧಿತರಾದರು.

ಇದು ಬಾಗಿಲಿನಲ್ಲಿ ನಡೆದ ಅನ್ಯಾಯ. ಕಣ್ಣಿಗೆ ಕಾಣುವಂಥದ್ದು. ಕಾನೂನು ಬದಲಾಯಿತು, ಬಾಗಿಲು ತೆರೆಯಿತು. ಆದರೆ ಕಪಾಟುಗಳ ಕತೆಯೇನು?

ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ ಡೊರೊಥಿ ಪೋರ್ಟರ್ ಎಂಬ ಕಪ್ಪು ಮಹಿಳೆ ಗ್ರಂಥಪಾಲಕಿಯಾಗಿದ್ದರು. ಕಪ್ಪು ಜನರ ಚರಿತ್ರೆಗೆ ಸಂಬಂಧಿಸಿದ ಸಂಗ್ರಹವನ್ನು 1930ರಲ್ಲಿ ವಹಿಸಿಕೊಂಡ ಅವರು 1973ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಬೆಳೆಸಿದರು. ಆರಂಭದಲ್ಲಿ ಅವರು ಇತರ ಗ್ರಂಥಾಲಯಗಳ ಕ್ರಮವನ್ನು ವಿಚಾರಿಸಿ ನೋಡಿದರು. ಗ್ರಂಥಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದದ್ದು ಮೆಲ್ವಿಲ್ ಡ್ಯೂಯಿಯ ದಶಮಾಂಶ ವರ್ಗೀಕರಣ. ಅದರಲ್ಲಿ 326 ಎಂದರೆ ಗುಲಾಮಗಿರಿ, 325 ಎಂದರೆ ವಲಸೆ ಮತ್ತು ವಸಾಹತು. ಕಪ್ಪು ಲೇಖಕರು ಏನೇ ಬರೆದಿರಲಿ, ಈ ಎರಡು ಸಂಖ್ಯೆಗಳಲ್ಲೊಂದು ಅವರ ಪುಸ್ತಕಕ್ಕೆ ಕಾದಿರುತ್ತಿತ್ತು. ಜೇಮ್ಸ್ ವೆಲ್ಡನ್ ಜಾನ್ಸನ್ ಎಂಬ ಪ್ರಸಿದ್ಧ ಕವಿಯ ಕವನ ಸಂಕಲನವೂ 325ರಲ್ಲಿತ್ತು! ಕವಿತೆಯ ಕಪಾಟಿನಲ್ಲಿ ಕವಿತೆ ಹುಡುಕುವ ಓದುಗನಿಗೆ ಅದು ಸಿಗುವುದಾದರೂ ಹೇಗೆ? ಪೋರ್ಟರ್ ಆ ಕ್ರಮವನ್ನು ಅನುಸರಿಸಲಿಲ್ಲ. ಕವಿತೆಯನ್ನು ಕವಿತೆಯ ಜೊತೆಗೆ, ಚರಿತ್ರೆಯನ್ನು ಚರಿತ್ರೆಯ ಜೊತೆಗೆ ಇರಿಸಿದರು.

ಈ ಡ್ಯೂಯಿ ಯಾರು? ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕನಾಗಿದ್ದುಕೊಂಡೇ ಯಹೂದಿಯರಿಗೂ ಕಪ್ಪು ಜನರಿಗೂ ಪ್ರವೇಶವಿಲ್ಲದ ಕ್ಲಬ್ ನಡೆಸುತ್ತಿದ್ದಾತ. 1905ರಲ್ಲಿ ಯಹೂದಿ ಮುಖಂಡರ ದೂರಿನ ಮೇಲೆ ವಾಗ್ದಂಡನೆಗೊಳಗಾಗಿ ಹುದ್ದೆ ತೊರೆದ. ಅಮೆರಿಕದ ಗ್ರಂಥಾಲಯ ಸಂಘವು ತನ್ನ ಪದಕದಿಂದ ಆತನ ಹೆಸರನ್ನು ತೆಗೆದುಹಾಕಲು ನಿರ್ಧರಿಸಿದ್ದು 2019ರಲ್ಲಿ.

ನಾವು ಮದ್ರಸದಲ್ಲಿದ್ದಾಗ ತಫ್ಸೀರ್, ಹದೀಸ್, ಫಿಕ್ಹ್, ಚರಿತ್ರೆ ಎಲ್ಲಕ್ಕೂ ಬೇರೆ ಬೇರೆ ಕಪಾಟುಗಳಿದ್ದವು. ಪದವಿ ತರಗತಿಗೆ ಸೇರಿದ ಮೇಲೆ ಕಾಲೇಜಿನಲ್ಲಿ ಅವೆಲ್ಲ 297 ಎಂಬ ಒಂದೇ ಸಂಖ್ಯೆಯ ಕೆಳಗೆ, ಬಿಂದುವಿನ ಬಲಗಡೆಗೆ ಒತ್ತಿಕೊಂಡು ನಿಂತಿದ್ದವು. ಬೈಬಲ್ ಮತ್ತು ಕ್ರೈಸ್ತ ಧರ್ಮಕ್ಕೆ 220ರಿಂದ 280ರವರೆಗಿನ ವಿಭಾಗಗಳು. ಉಳಿದ ಧರ್ಮಗಳಿಗೆಲ್ಲ ಸೇರಿ 290. ಆ ಗ್ರಂಥಪಾಲಕರಿಗೆ ನಮ್ಮ ಮೇಲೆ ದ್ವೇಷವಿತ್ತೇ? ಖಂಡಿತ ಇಲ್ಲ. ಅವರು ಪುಸ್ತಕದಲ್ಲಿದ್ದ ನಿಯಮವನ್ನು ಪಾಲಿಸಿದರು, ಅಷ್ಟೆ.

ಇಲ್ಲೇ ವಿಷಯದ ತಿರುಳಿದೆ. ಡೆರಿಕ್ ಬೆಲ್, ಕಿಂಬರ್ಲಿ ಕ್ರೆನ್‌ಶಾ ಮೊದಲಾದ ಕಪ್ಪು ಕಾನೂನು ಪಂಡಿತರು ರೂಪಿಸಿದ ವಿಮರ್ಶಾತ್ಮಕ ಜನಾಂಗ ಸಿದ್ಧಾಂತ ಹೇಳುವುದು ಇದನ್ನೇ: ಅನ್ಯಾಯ ನಡೆಯಲು ದ್ವೇಷಿಸುವ ಮನುಷ್ಯನೇ ಬೇಕೆಂದಿಲ್ಲ. ತಟಸ್ಥವೆಂದು ತೋರುವ ನಿಯಮದೊಳಗೇ ಅದು ನೆಲೆಸಬಲ್ಲದು. ಈ ಚಿಂತನೆಯನ್ನು ಗ್ರಂಥಾಲಯಗಳಿಗೆ ಅನ್ವಯಿಸಿದ ಲೇಖನಗಳ ಸಂಪುಟವೊಂದನ್ನು ಎಂಐಟಿ ಪ್ರೆಸ್ 2021ರಲ್ಲಿ ಪ್ರಕಟಿಸಿತು. ಇಂತಹ ಬರಹಗಳ ಪರಿಭಾಷೆ ಸಾಮಾನ್ಯ ಓದುಗನಿಗೆ ನಿಲುಕುವಂಥದ್ದಲ್ಲ ಎಂಬ ತಕರಾರು ನಮಗೂ ಇದೆ. ಆದರೆ ಅವು ಎತ್ತುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಉದಾಹರಣೆಗೆ, ದಾಖಲೆಗಳಿಲ್ಲದ ವಲಸಿಗರನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಅಕ್ರಮ ಪರಕೀಯರು' ಎಂಬ ವಿಷಯ ಶೀರ್ಷಿಕೆಯಡಿ ಸೇರಿಸುತ್ತಿತ್ತು. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು 2014ರಲ್ಲಿ ಇದನ್ನು ಪ್ರತಿಭಟಿಸಿದರು. ಅವರ ಪೈಕಿ ಅಂತಹ ವಲಸಿಗ ಕುಟುಂಬಗಳ ಮಕ್ಕಳೂ ಇದ್ದರು. ತಮ್ಮದೇ ಬದುಕಿನ ಬಗ್ಗೆ ಓದಲು ತಮ್ಮನ್ನೇ ಅಪಮಾನಿಸುವ ಪದವನ್ನು ಹುಡುಕಬೇಕಾದ ಸ್ಥಿತಿ! ಬದಲಾಯಿಸುವುದಾಗಿ ಗ್ರಂಥಾಲಯ 2016ರಲ್ಲಿ ಘೋಷಿಸಿತು. ರಿಪಬ್ಲಿಕನ್ ಸಂಸದರು ಅಡ್ಡಬಂದರು. ಕೊನೆಗೆ 2021ರಲ್ಲಿ 'ನಾಗರಿಕರಲ್ಲದವರು', 'ಅಕ್ರಮ ವಲಸೆ' ಎಂಬ ಶೀರ್ಷಿಕೆಗಳು ಬಂದವು. 'ಅಕ್ರಮ' ಪೂರ್ತಿ ಹೋಗಲಿಲ್ಲ. ಆಗ ಆ ಗ್ರಂಥಾಲಯದ ಮುಖ್ಯಸ್ಥೆಯಾಗಿದ್ದವರು ಕಾರ್ಲಾ ಹೇಡನ್, ಆ ಹುದ್ದೆಗೇರಿದ ಮೊದಲ ಮಹಿಳೆ, ಮೊದಲ ಕಪ್ಪು ವ್ಯಕ್ತಿ. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಅವರನ್ನು ವಜಾಗೊಳಿಸಿದರು.

ದೂರದ ದೇಶದ ತಪ್ಪುಗಳನ್ನು ಎಣಿಸುವುದು ಸುಲಭ. ಇಲ್ಲಿಗೆ ಬಂದೊಡನೆ ನಾವು ಈ ವಾಚನಾಲಯದ ಕಪಾಟುಗಳನ್ನೊಮ್ಮೆ ನೋಡಿದೆವು. ಯುವಕರು ಶ್ರಮಪಟ್ಟು ಪುಸ್ತಕಗಳನ್ನು ವಿಂಗಡಿಸಿ ಚೀಟಿ ಅಂಟಿಸಿದ್ದಾರೆ, ಅಭಿನಂದನಾರ್ಹರು. ಆದರೆ ಸಾರಾ ಅಬೂಬಕರ್‌ರ ಕಾದಂಬರಿ, ಬಾನು ಮುಷ್ತಾಕ್‌ರ ಕತೆಗಳು ಕಾದಂಬರಿ, ಕತೆಗಳ ಸಾಲಿನಲ್ಲಿಲ್ಲ. ಅಡುಗೆ ಮತ್ತು ಶಿಶುಪಾಲನೆಯ ಪುಸ್ತಕಗಳ ಪಕ್ಕದಲ್ಲಿ, 'ಮಹಿಳೆಯರಿಗಾಗಿ' ಎಂಬ ಚೀಟಿಯ ಕೆಳಗಿವೆ. ಇದನ್ನು ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂಬುದು ನಮಗೆ ಗೊತ್ತು. ಜಾನ್ಸನ್‌ರ ಕವಿತೆಗೆ 325 ಎಂದು ಬರೆದವರ ಮನಸ್ಸಿನಲ್ಲೂ ಪ್ರಾಯಶಃ ಇರಲಿಲ್ಲ. ಆ ಪುಸ್ತಕಗಳನ್ನು ಇಂದೇ ಮೇಲಿನ ಸಾಲಿಗೆ ಸ್ಥಳಾಂತರಿಸಬೇಕೆಂದು ಕಾರ್ಯದರ್ಶಿಯವರಲ್ಲಿ ವಿನಂತಿಸಿದ್ದೇವೆ. ಅವರು ಒಪ್ಪಿದ್ದಾರೆ. ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂದು ಈಗ ಹುಡುಕಲಾಗುತ್ತಿದೆ.